ಬಾಯಿಗೆ ಬೀಗ ಬಿದ್ದ ದೈತ್ಯ

ಅಕ್ಕ ಅಂದ ಒಂದು ಮಾತು ಬೀಗ ರಿಪೇರಿಯವನ ಎದೆಯಲ್ಲಿ ಇನ್ನೂ ನೆಟ್ಟುಕೊಂಡೇ ಇದೆ. ಹೆಂಡತಿ ತೀರಿಕೊಂಡ ಮರುವರ್ಷ, ಮಗಳು ಶಾಲೆಯಿಂದ ತಡವಾಗಿ ಬಂದಳೆಂದು ಅವನು ಬೀದಿಗೆಲ್ಲ ಕೇಳುವಂತೆ ಕೂಗಾಡಿದ್ದ. ಮಹಡಿಯವರು, ಎದುರು ಮನೆಯವರು ಎಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಅಷ್ಟು ಜನರ ಮುಂದೆ ಅಕ್ಕ, "ಊರವರ ಬಾಗಿಲಿಗೆಲ್ಲ ಬೀಗ ಹಾಕ್ತೀಯ, ನಿನ್ನ ಬಾಯಿಗೂ ಒಂದು ಹಾಕ್ಕೊಳ್ಳೋ" ಎಂದುಬಿಟ್ಟಳು. ಎಂದವಳೇ ಹುಡುಗಿಯ ಬಟ್ಟೆಬರೆ ಚೀಲಕ್ಕೆ ತುಂಬಿಕೊಂಡು ಅವಳನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಮಗಳು ಹೋದದ್ದನ್ನು ಅವನು ಹೇಗೋ ನುಂಗಿಕೊಂಡ. ಆ ಮಾತಿಗೆ ಜನ ನಕ್ಕರಲ್ಲ, ಅದು ಮಾತ್ರ ಇವತ್ತಿಗೂ ಗಂಟಲಿನಿಂದ ಕೆಳಗಿಳಿದಿಲ್ಲ.

ಅವನ ಅಂಗಡಿ ಇರುವುದು ಮೆಟ್ಟಿಲಿನ ಕೆಳಗೆ. ನೆಟ್ಟಗೆ ನಿಂತರೆ ತಲೆ ತಾಗುತ್ತದೆ. ಗೋಡೆಯ ತುಂಬ ಹಲ್ಲು ಕೊರೆಯದ ಕೀಗಳು, ಮುಂದೆ ಅರಗಳ ಡಬ್ಬಿ, ಪಕ್ಕದಲ್ಲಿ ಎರಡು ಸ್ಟೂಲು. ಬಂದವರು ಎಷ್ಟಾಗುತ್ತೆ, ಯಾವಾಗ ಸಿಗುತ್ತೆ ಎಂದು ಕೇಳುತ್ತಾರೆ, ಹೋಗುತ್ತಾರೆ. ಎರಡನೆಯ ಸ್ಟೂಲು ಭಾನುವಾರಕ್ಕೆಂದೇ ಇಟ್ಟದ್ದು. ಅಂದು ಮಗಳು ಬಂದು ಒಂದು ಗಂಟೆ ಅದರ ಮೇಲೆ ಕೂತು ಹೋಗುತ್ತಿದ್ದಳು. ಊಟ ಆಯ್ತಾ ಎಂದು ಇವನು ಕೇಳುವನು, ಆಯ್ತು ಎಂದು ಅವಳು ಹೇಳುವಳು. ಆಮೇಲೆ ಅರದ ಸದ್ದೊಂದೇ.

ಹಾಗಿರುವಾಗ ಒಂದು ಭಾನುವಾರ ಅವಳು ಅವನ ಫೋನಿಗೆ ಏನನ್ನೋ ಇಳಿಸಿಕೊಟ್ಟಳು. ಬೊಂಬೆ ಸಿನಿಮಾನಾ ಎಂದು ಇವನು ಕೇಳಿದ್ದಕ್ಕೆ, ಅಲ್ಲ, ಅನಿಮೆ, ಜಪಾನಿನದು, ಮಾಯಾಲೋಕದ ಕಥೆ, ಹನ್ನೆರಡು ಕಂತು ಇದೆ ಎಂದಳು.

"ಮೊದಲನೇದು ನೋಡು ಸಾಕು. ಅದರಲ್ಲೊಂದು ಬೀಗ ಬರುತ್ತೆ, ಅದು ಯಾಕೆ ತೆರೆಯಲ್ಲ ಅಂತ ನಿನಗೇ ಗೊತ್ತಾಗೋದು. ನೋಡಿ ಏನನ್ನಿಸ್ತು ಅಂತ ಹೇಳಪ್ಪ."

ಏನನ್ನಿಸಿತು ಎಂದು ಅವನನ್ನು ಯಾರಾದರೂ ಕೇಳಿ ವರ್ಷಗಳೇ ಆಗಿದ್ದವು. ಅವಳು ಹೋದ ಮೇಲೆ ಆ ಮಾತನ್ನು ಒಬ್ಬನೇ ಎರಡು ಸಲ ಅಂದು ನೋಡಿಕೊಂಡ.

ಮರುದಿನ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ನೋಡಲು ಕೂತ. ಮಾತೆಲ್ಲ ಕೇಳದ ಭಾಷೆಯಲ್ಲಿ, ಕೆಳಗೆ ಕನ್ನಡ ಅಕ್ಷರ. ನಾಲ್ಕನೇ ಕ್ಲಾಸಿನ ಓದು ಅವನದು. ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಮುಂದಿನ ಮೂರು ಸಾಲು ಓಡಿಹೋಗುತ್ತಿದ್ದವು. ನಿಲ್ಲಿಸಿ ನಿಲ್ಲಿಸಿ ನೋಡಿದ. ಈ ವಯಸ್ಸಿಗೆ ಬೊಂಬೆಯಾಟ ಬೇಕಾಯ್ತಾ ಎಂದು ಪಕ್ಕದ ವಾಚು ರಿಪೇರಿಯವನು ಕಿಚಾಯಿಸಿದ. ನಿನ್ನ ಗಡಿಯಾರದ ಮುಳ್ಳು ನೀನು ನೋಡ್ಕೋ ಎಂದು ಇವನು ಗದರಿದ.

ಹಿಮದ ಬಯಲು. ಅಲ್ಲಿ ಬೆಟ್ಟದಷ್ಟು ಎತ್ತರದ ಕಲ್ಲಿನ ದೈತ್ಯ ಕೂತಿದ್ದಾನೆ. ಬಾಯಿಗೆ ಬೀಗ. ಕೈಯಲ್ಲೊಂದು ಕೀ ಹಿಡಿದು ಚಿಕ್ಕ ಹುಡುಗಿ ನಡೆದು ಬರುತ್ತಿದ್ದಾಳೆ. ಕೆಳಗಿನ ಅಕ್ಷರಗಳನ್ನು ಅವನು ಒಂದೊಂದಾಗಿ ಕೂಡಿಸಿಕೊಂಡ: ಇವನು ಸಿಟ್ಟಿನಲ್ಲಿ ಕೂಗಿದ್ದಕ್ಕೆ ಬೆಟ್ಟ ಕುಸಿಯಿತು, ಅದಕ್ಕೇ ಜನ ಇವನ ಬಾಯಿಗೆ ಬೀಗ ಜಡಿದರು.

ಅಷ್ಟೇ ಸಾಕಾಯಿತು. ಮೈಯೆಲ್ಲ ಉರಿದುಹೋಯಿತು. ಅಲ್ಲಿಗೇ ನಿಲ್ಲಿಸಿ ಮಗಳಿಗೆ ಫೋನು ಹಚ್ಚಿದ.

"ಅತ್ತೆ ಹೇಳಿಕೊಟ್ಟು ಕಳಿಸಿದ್ಳಾ? ಇಬ್ಬರೂ ಸೇರ್ಕೊಂಡು ನನ್ನ ಆಡ್ಕೊಳ್ತೀರಾ?"

ಮಗಳು ಮೆಲ್ಲಗೆ ಕೇಳಿದಳು, "ಪೂರ್ತಿ ನೋಡಿದ್ಯಾ ಅಪ್ಪ?"

"ಇನ್ನು ಪೂರ್ತಿ ಬೇರೆ ನೋಡ್ಬೇಕಾ?"

ಅವಳು ಫೋನು ಇಟ್ಟಳು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ.

ಮೂರನೆಯ ಭಾನುವಾರ ಸ್ಟೂಲಿನ ಧೂಳು ಒರೆಸಿ, ದಾರಿ ನೋಡಿ ನೋಡಿ ಸಾಕಾಗಿ, ಆ ಕಂತಿನ ಉಳಿದದ್ದನ್ನು ಫೋನಿನಲ್ಲಿ ಹಾಕಿಕೊಂಡ. ಹುಡುಗಿ ದೈತ್ಯನ ಮೈ ಹತ್ತಿ ಬೀಗಕ್ಕೆ ಕೀ ಇಟ್ಟಳು. ಕೀ ಒಳಗೆ ಹೋಗಲಿಲ್ಲ. ಬೀಗದ ತೂತನ್ನು ಹತ್ತಿರದಿಂದ ತೋರಿಸಿದರು. ನೋಡುತ್ತಿದ್ದವನು ನೆಟ್ಟಗಾದ, ತಲೆ ಮೆಟ್ಟಿಲಿಗೆ ಬಡಿಯಿತು. ತೂತಿನ ನಡುವೆ ಒಂದು ಮೊಳೆ ನಿಂತಿದೆ. ಗಟ್ಟಿ ಕಡ್ಡಿಯ ಕೀ ಅಲ್ಲಿ ಎಲ್ಲಿ ಹೋಗಬೇಕು? ಮೊಳೆ ತನ್ನೊಳಗೆ ಕೂರುವಂಥ ಪೊಳ್ಳು ಕೀ ಬೇಕು. ಕಲಿಯಲು ಬಂದ ಹೊಸಬನಿಗೂ ತಿಳಿಯುವ ಮಾತು. ಹುಡುಗಿ ಕೀಯನ್ನು ಜೇಬಿಗೆ ಹಾಕಿಕೊಂಡಳು, ವಾಪಸು ಹೋಗಲಿಲ್ಲ. ದೈತ್ಯನ ಅಂಗೈಯಲ್ಲಿ ಕೂತು ಏನೋ ಹೇಳಿದಳು. ನಿಲ್ಲಿಸಿ ಓದಿದ: ಇದು ತೆರೆಯದಿದ್ದರೂ ಪರವಾಗಿಲ್ಲ, ನಿನ್ನ ಜೊತೆ ಕೂರೋಣ ಅಂತಲೇ ಬಂದೆ.

ಅದನ್ನು ಮತ್ತೊಮ್ಮೆ ಓದಿದ. ಆಮೇಲೆ ಅರಗಳನ್ನು ಹಾಗೇ ಬಿಟ್ಟು, ಅಂಗಡಿ ಮುಚ್ಚಿ ಅಕ್ಕನ ಮನೆಗೆ ನಡೆದ.

ಅಕ್ಕ ಬಾಗಿಲನ್ನು ಅರ್ಧ ತೆಗೆದು, ಅವಳು ಮನೇಲಿಲ್ಲ, ಟ್ಯೂಷನ್ನಿಗೆ ಹೋಗಿದ್ದಾಳೆ ಎಂದಳು. ಮಗಳ ಚಪ್ಪಲಿ ಬಾಗಿಲ ಬಳಿಯೇ ಇತ್ತು. ಅವನು ಅದನ್ನು ಕಂಡ. ಕೂಗು ಗಂಟಲ ತನಕ ಬಂತು, ತಡೆದುಕೊಂಡ.

"ಆ ಬೀಗಕ್ಕೆ ಪೊಳ್ಳು ಕೀ ಬೇಕು ಅಂತ ಅವಳಿಗೆ ಹೇಳಕ್ಕ."

"ಯಾವ ಬೀಗಕ್ಕೋ? ನಮ್ಮನೆ ಬೀಗ ಚೆನ್ನಾಗೇ ಇದೆಯಲ್ಲ."

ಹೇಗೆ ಬಿಡಿಸಿ ಹೇಳುವುದೆಂದು ತಿಳಿಯದೆ, ಹೇಳು ಸಾಕು ಎಂದು ಮೆಟ್ಟಿಲಿಳಿದ.

ಹನ್ನೆರಡೂ ಕಂತು ಈಗ ಅವನಿಗೆ ಬಾಯಿಪಾಠ. ಕೀ ವಿಷಯ ಅವಳಿಗೆ ತಲುಪಿತೋ ಇಲ್ಲವೋ ಗೊತ್ತಿಲ್ಲ. ಅದು ಹೋಗಲಿ, ಅವಳು ಇನ್ನೊಂದು ಮಾತೂ ಕೇಳಿದ್ದಳು. ಅದಕ್ಕೆ ಏನಾದರೂ ಹೇಳಲೆಂದು ಎಷ್ಟೋ ಸಲ ಫೋನಿನಲ್ಲಿ ಮಾತು ರೆಕಾರ್ಡು ಮಾಡಿದ್ದಾನೆ. ಕೇಳಿದರೆ ತನ್ನ ದನಿ ಬೈಗುಳದ ಹಾಗೇ ಕೇಳಿಸುತ್ತದೆ, ಅಳಿಸಿಬಿಡುತ್ತಾನೆ. ಅವಳು ಬರದಿದ್ದರೂ ಭಾನುವಾರ ಸ್ಟೂಲು ಒರೆಸುತ್ತಾನೆ. ಏನನ್ನಿಸಿತು ಎಂದು ಕೇಳಿದವಳಿಗೆ ಕೊಡಬೇಕಾದ ಉತ್ತರ ಇನ್ನೂ ಅವನ ಬಳಿಯೇ ಬಾಕಿ ಇದೆ.