ಎರಡು ಎಲೆ ಜೊತೆಗೆ ಬೇಕು

ನಮ್ಮ ಕಡೆಯ ಬಸ್ಸಿನಲ್ಲಿ ಒಂದು ಸೀಟು ಇಡೀ ಖಾಲಿ ಇರುವಾಗ ಅಪರಿಚಿತರ ಪಕ್ಕದಲ್ಲಿ ಹೋಗಿ ಕೂರುವವರನ್ನು ನಾನು ಈವರೆಗೆ ಕಂಡಿಲ್ಲ. ಕೂತರೆ ಅವರ ಮೇಲೆ ಸಂಶಯವೇ ಬರುತ್ತದೆ. ಪುತ್ತೂರು ಬಿಟ್ಟ ಬಸ್ಸು ಕಬಕ ಮುಟ್ಟುವಷ್ಟರಲ್ಲಿ ಸೀಟಿಗೊಬ್ಬರಂತೆ ಕಿಟಕಿ ಹಿಡಿದಿರುತ್ತಾರೆ. ಅಲ್ಲಿ ಹತ್ತಿದ ಗಂಡಹೆಂಡತಿಗೆ ಅರ್ಧ ಬಸ್ಸು ಖಾಲಿ, ಜೊತೆಗೆ ಕೂರಲು ಮಾತ್ರ ಜಾಗವಿಲ್ಲ.

ಕಂಪ್ಯೂಟರಿನ ಮೆಮೊರಿಗೂ ಇದೇ ಕಾಯಿಲೆ. ಕಾಲೇಜಿನಲ್ಲಿ ಇದನ್ನೇ ಪಾಠ ಮಾಡಿ ಹೊಟ್ಟೆ ಹೊರೆಯುವವನು ನಾನು. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ ಬಂದವರಿಗೆಲ್ಲ ಜಾಗ ಹಂಚುತ್ತ, ಎದ್ದುಹೋದವರದ್ದನ್ನು ವಾಪಸು ಪಡೆಯುತ್ತ ಇರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಖಾಲಿ ಜಾಗವೆಲ್ಲ ಚೂರುಚೂರು. ಹೆಚ್ಚಿನ ಪ್ರೋಗ್ರಾಮುಗಳು ಪಾಪದವು. ಅಲ್ಲೊಂದು ಇಲ್ಲೊಂದು ಚೂರು ಕೊಟ್ಟರೂ ಹೊಂದಿಕೊಳ್ಳುತ್ತವೆ. ಕ್ಯಾಮೆರಾದಂಥ ಕೆಲವು ಸಾಧನಗಳು ಹಾಗಲ್ಲ, ಅವಕ್ಕೆ ಜಾಗ ಒಟ್ಟಿಗೇ ಬೇಕು. ಮೊದಲೇ ಕಾದಿರಿಸಿದರೆ ಅವು ಬರುವ ತನಕ ಜಾಗ ದಂಡ. ಕಾದಿರಿಸದಿದ್ದರೆ ಬಂದಾಗ ಕೂತವರನ್ನು ಸರಿಸಬೇಕು, ಕೆಲವರು ಜಪ್ಪಯ್ಯ ಅಂದರೂ ಏಳುವುದಿಲ್ಲ. ಬೋರ್ಡಿನ ಮೇಲೆ ಚೌಕ ಬರೆದು ಇದನ್ನೆಲ್ಲ ವಿವರಿಸುವಾಗ ನನ್ನಷ್ಟು ಜಾಣ ಇನ್ನೊಬ್ಬನಿಲ್ಲ ಎಂದು ನನಗೇ ಅನ್ನಿಸುವುದುಂಟು.

ಮೊನ್ನೆ ಸುಳ್ಯದಲ್ಲಿ ಒಂದು ಮದುವೆ. ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಕಡಬದಿಂದ ಬಂದಿದ್ದರು. ಅವರ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯ ಹತ್ತಿರ ಬಾಯಿಟ್ಟು ಹೇಳಿದರೆ ಕೇಳುತ್ತದೆ. ಫೋನಿನಲ್ಲಿ ಏನೂ ತಿಳಿಯುವುದಿಲ್ಲ. ಹಾಗಾಗಿ ಅಕ್ಕತಂಗಿಯರ ಮಾತುಕತೆ ಏನಿದ್ದರೂ ಇಂಥ ಮದುವೆಗಳಲ್ಲೇ. ಮುಹೂರ್ತದ ಹೊತ್ತಿಗೆ ವಾದ್ಯದ ಗಲಾಟೆ, ಉಳಿಯುವುದು ಊಟದ ಹೊತ್ತು ಮಾತ್ರ. "ಎರಡು ಎಲೆ ಜೊತೆಗೆ ಹಿಡಿ ಮಾರಾಯ, ನಾನು ಅಕ್ಕನ ಬಲಕ್ಕೆ ಕೂರ್ಬೇಕು" ಎಂದು ಅಮ್ಮ ನನ್ನನ್ನು ಮುಂದಾಗಿ ಅಟ್ಟಿದಳು.

ಬೇರೆ ಯಾರಾದರೂ ಆಗಿದ್ದರೆ ಎರಡು ಕುರ್ಚಿಗೆ ಕರವಸ್ತ್ರ ಹಾಕುತ್ತಿದ್ದರು. ನಾನು ಹಾಕಲಿಲ್ಲ. ಹಸಿದವರು ನಿಂತಿರುವಾಗ ಜಾಗ ಹಿಡಿದಿಡುವುದು ದಂಡವಲ್ಲವೇ? ಬೇಕಾದಾಗ ಸರಿಸಿದರಾಯಿತು ಎಂದುಕೊಂಡೆ. ಜನ ಬಂದರು, ಬಸ್ಸಿನಲ್ಲಿ ಕೂತ ಹಾಗೆಯೇ ನಡುನಡುವೆ ಒಂದೊಂದು ಎಲೆ ಬಿಟ್ಟು ಕೂತರು. ಅಮ್ಮ ದೊಡ್ಡಮ್ಮನ ಕೈಹಿಡಿದು ಬರುವಾಗ ಖಾಲಿ ಎಲೆ ಬೇಕಾದಷ್ಟಿತ್ತು, ಎರಡು ಜೊತೆಗೆ ಎಲ್ಲೂ ಇರಲಿಲ್ಲ.

"ಒಂದೊಂದು ಎಲೆ ಆಚೆ ಸರಿತೀರಾ?" ಎಂದು ಬೇಡಿಕೊಂಡೆ. ಅಷ್ಟರಲ್ಲಿ ಅನ್ನ ಬಡಿಸಿ ಆಗಿತ್ತು. ತುದಿಯಲ್ಲಿದ್ದ ಹಿರಿಯರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅನ್ನ ಬಿದ್ದ ಎಲೆ ಬಿಟ್ಟು ಏಳುದುಂಟಾ ಮಾರಾಯ್ರೆ?" ಎಂದರು. ಇಲ್ಲ, ನಮ್ಮಲ್ಲಿ ಹಾಗೆ ಏಳುವುದಿಲ್ಲ. ನನಗೂ ಅದು ಗೊತ್ತಿದ್ದದ್ದೇ.

"ಎಂತ ಹೇಳ್ತಾನೆ ಇವ?" ಎಂದು ದೊಡ್ಡಮ್ಮ ಕೇಳಿದರು.

ಅಮ್ಮ ಅವರ ಬಲಗಿವಿಗೆ ಕೂಗಿದಳು: "ಜಾಗ ಉಂಟಂತೆ, ಜೊತೆಗೆ ಇಲ್ಲಂತೆ!"

"ಹಾಗಾದ್ರೆ ಅದೆಂತ ಜಾಗ?"

ನನ್ನ ಇಡೀ ಪಾಠ ಇಷ್ಟರಲ್ಲಿ ಮುಗಿಯುತ್ತಿತ್ತಲ್ಲ ಎಂದು ನಾಚಿಕೆಯಾಯಿತು. ಇಬ್ಬರೂ ಕೂರಲೇ ಇಲ್ಲ. ಮುಂದಿನ ಪಂಕ್ತಿಗಳಲ್ಲೂ ನಾವು ಮುಟ್ಟುವ ಮೊದಲೇ ಜನ ಹಾಗೆಯೇ ಬಿಟ್ಟು ಬಿಟ್ಟು ಕೂತಾಗಿರುತ್ತಿತ್ತು. ಪಂಕ್ತಿಯ ಮೇಲೆ ಪಂಕ್ತಿ ಎದ್ದು, ಕೊನೆಗೆ ಬಡಿಸಿದವರೇ ಊಟಕ್ಕೆ ಕೂರುವಾಗ ಅವರ ಜೊತೆ ಕೂತರು. ಅಷ್ಟು ಹೊತ್ತಿಗೆ ಹೋಳಿಗೆ ಪುಡಿಪುಡಿ, ಪಾಯಸದ ಪಾತ್ರೆ ತೊಳೆಯಲು ಹೋಗಿತ್ತು. "ನನ್ನಿಂದಾಗಿ ನಿಮಗೆ ಪಾಯಸ ಇಲ್ಲ" ಎಂದು ದೊಡ್ಡಮ್ಮನ ಕಿವಿಯಲ್ಲಿ ಹೇಳಿದೆ.

"ಪಾಯಸ ಮನೆಯಲ್ಲಿ ಒಬ್ಬಳೇ ಕೂತು ತಿಂದ್ರೂ ಆಗ್ತದೆ. ಇವಳ ಮಾತು ಹಾಗೆ ಆಗ್ತದಾ? ನೀನು ಆಚೆ ಹೋಗು."

ಆಚೆ ಹೋಗಿ ನೋಡಿದೆ. ಸುತ್ತ ಇಡೀ ಹಾಲ್ ಖಾಲಿ. ಆದರೂ ಇಬ್ಬರೂ ಕುರ್ಚಿ ಎಳೆದು ಎಷ್ಟು ಒತ್ತಿ ಕೂತಿದ್ದರೆಂದರೆ ಒಂದು ಎಲೆಯ ತುದಿ ಇನ್ನೊಂದರ ಮೇಲೆ ಬಂದಿತ್ತು. ಒಬ್ಬರ ಜಾಗದ ಮೇಲೆ ಇನ್ನೊಬ್ಬರ ಜಾಗ ಬರುವುದು ನಮ್ಮ ಕಂಪ್ಯೂಟರ್ ಶಾಸ್ತ್ರದಲ್ಲಿ ಮಹಾಪರಾಧ, ಯಂತ್ರವೇ ಕೆಟ್ಟು ನಿಲ್ಲುತ್ತದೆ. ಅಮ್ಮ ಅಕ್ಕನ ಎಲೆಯಿಂದಲೇ ಉಪ್ಪಿನಕಾಯಿ ತೆಗೆದು ಬಾಯಿಗೆ ಹಾಕಿಕೊಂಡು ಮಾತು ಮುಂದುವರಿಸಿದಳು.