ನಾಚಿಯಮ್ಮನ ಕೊಬ್ಬು ಇಳಿದದ್ದು

ಅವಿನಾಶಿಯ ನಾಚಿಯಮ್ಮ ಮದುವೆಯಾಗಿ ಬಂದಂದಿನಿಂದ ಮಗ್ಗದ ಕೆಲಸದಲ್ಲೇ ಬದುಕಿದವರು. ಸಕ್ಕರೆ ಕಾಯಿಲೆ ಇದೆ, ಮೈಕೊಬ್ಬು ಇಳಿಸಿ ಎಂದು ಡಾಕ್ಟರು ಹೇಳಿದ ಮೇಲೆ ಮಗಳು ಕಾರ್ತಿಕಾ ಗಾಂಧಿಪುರಂನಿಂದ ಕೊಬ್ಬಿನ ಶೇಕಡಾವಾರು ತೋರಿಸುವ ತೂಕದ ಯಂತ್ರ ತಂದಳು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಬರಿಗಾಲಲ್ಲಿ ಅದರ ಮೇಲೆ ನಿಲ್ಲಬೇಕು; ಅದು ಪಾದದಿಂದ ಮೈಯೊಳಗೆ ಗೊತ್ತೇ ಆಗದಷ್ಟು ಕರೆಂಟು ಹರಿಸಿ ಕೊಬ್ಬು ಅಳೆಯುತ್ತದೆ. ತೂಕ ಇಳಿಯಲಿಲ್ಲ. ಕೊಬ್ಬು ಮಾತ್ರ ವಾರವಾರವೂ ಇಳಿಯಿತು.

“ನೋಡು ಕಣ್ಣು, ನಿನ್ನ ಮದುವೇಲಿ ನನ್ನೇ ಮದುಮಗಳು ಅಂತಾರೆ!” ಎಂದು, ಮಗಳನ್ನು ಮುದ್ದಿನಿಂದ ‘ಕಣ್ಣು’ ಎಂದೇ ಕರೆಯುವ ನಾಚಿಯಮ್ಮ ನಗುತ್ತಿದ್ದರು.

ಅಳತೆ ಇನ್ನೂ ಸರಿಯಾಗಿ ಬರಲೆಂದು ಕಾರ್ತಿಕಾ ಒಂದು ದಿನ ಮೆಟ್ಟಿ, ಅಂದರೆ ಕಾಲುಂಗುರ, ತೆಗೆಯಲು ಹೇಳಿದಳು.

“ನಿಮ್ಮಪ್ಪ ಇರೋವಾಗ ಮೆಟ್ಟಿ ಕಳಚ್ತಾರೇನೆ?”

“ಒಂದು ನಿಮಿಷ ಅಷ್ಟೇ, ಅಮ್ಮಾ.”

ಸೋಪು ಹಚ್ಚಿದರೂ ಉಂಗುರ ಅಲುಗಲಿಲ್ಲ. ಪಾದ ಊದಿತ್ತು, ಕಾರ್ತಿಕಾ ಒತ್ತಿದಲ್ಲಿ ಬೆರಳಿನ ಗುಳಿ ಹಾಗೇ ಉಳಿಯಿತು.

ಅವತ್ತೇ ಆಸ್ಪತ್ರೆಗೆ ಕರೆದೊಯ್ದಾಗ, ಕಿಡ್ನಿ ಕೆಟ್ಟು ಮೈಯಲ್ಲಿ ನೀರು ತುಂಬಿದೆ, ನೀರು ಏರಿದ್ದನ್ನೇ ಯಂತ್ರ ಕೊಬ್ಬು ಇಳಿದಂತೆ ತೋರಿಸಿದೆ ಎಂದರು ಡಾಕ್ಟರು. ಉಂಗುರಗಳನ್ನು ಕತ್ತರಿಸಿಯೇ ತೆಗೆಯಬೇಕಾಯಿತು.

ಡಯಾಲಿಸಿಸ್ ಮುಗಿಸಿ ಮನೆಗೆ ಬಂದ ನಾಚಿಯಮ್ಮ, ಬರಿದಾದ ಕಾಲ್ಬೆರಳುಗಳನ್ನು ಸೀರೆಯ ಅಂಚಿನಲ್ಲಿ ಮುಚ್ಚಿಕೊಂಡು ಹೇಳಿದರು: “ಈಗ ಮೆಟ್ಟಿ ಇಲ್ಲವಲ್ಲ, ಸರಿಯಾಗಿ ತೋರ್ಸುತ್ತೆ. ಆ ಮಿಷಿನ್ ತಾ ಕಣ್ಣು.”

ಕಾರ್ತಿಕಾ ತರಲಿಲ್ಲ. ಅಮ್ಮನ ಪಾದಗಳನ್ನು ಮಡಿಲಿಗೆ ಎಳೆದುಕೊಂಡು ಕುಳಿತಳು.