ಬುಧವಾರದ ಬಸ್ಸಿನ ಹಿಲ್ಡಾ ಥ್ರಪ್

ಅಪ್ಪರ್ ಥ್ರಿಂಗ್ಲಿಯಲ್ಲಿ ಒಂದು ಚರ್ಚು, ಒಂದು ಪಬ್ಬು, ತಗಡಿನ ಸೂರಿನ ಒಂದು ಸಭಾಭವನ, ಫೋನು ಕಿತ್ತು ಪುಸ್ತಕ ತುಂಬಿಸಿದ ಒಂದು ಕೆಂಪು ಗೂಡು, ಮತ್ತು ಬುಧವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಬರುವ ಒಂದು ಬಸ್ಸು ಇದ್ದವು. ಚರ್ಚಿಗೆ ಹೋಗದವರಿಗೂ ಚರ್ಚಿನ ಬಗ್ಗೆ ಅಭಿಮಾನ. ಓದದವರಿಗೂ ಪುಸ್ತಕದ ಗೂಡಿನ ಬಗ್ಗೆ ಹೆಮ್ಮೆ. ಬಸ್ಸಿನ ಬಗ್ಗೆಯೂ ಅಷ್ಟೇ. ಅದನ್ನು ಹತ್ತುತ್ತಿದ್ದವಳು ಮಾತ್ರ ಹಿಲ್ಡಾ ಥ್ರಪ್ ಒಬ್ಬಳೇ.

ಹಿಲ್ಡಾ ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಹಿಸುಕಿ ನಿವೃತ್ತಳಾದವಳು. ಗಂಡ ತೀರಿಕೊಂಡ ವರ್ಷವೇ, ಮನೆಯಲ್ಲಿ ಕೂತು ಗಡಿಯಾರ ನೋಡುವುದಕ್ಕಿಂತ ಮೇಲೆಂದು, ಪೇಟೆಯ ಪುರಭವನದಲ್ಲಿ ವಯಸ್ಸಾದವರು ಚಹಾ ಕುಡಿದು ಜೋಡಿಜೋಡಿಯಾಗಿ ಕುಣಿಯಲು ಬುಧವಾರ ಮಧ್ಯಾಹ್ನ ನಡೆಯುವ ಚಹಾ ಕುಣಿತಕ್ಕೆ ಪಿಯಾನೊ ಬಾರಿಸಲು ಹೋದಳು. ಆಲೂಗಡ್ಡೆ ಹಿಸುಕಿದ ಆ ತೋಳಿನ ಬಲಕ್ಕೆ ಮಂಡಿನೋವಿನವರೂ ಕುರ್ಚಿ ಬಿಟ್ಟು ಎದ್ದರು. ಅಲ್ಲಿಂದ ಅವಳ ವಾರವೆಂದರೆ ಬುಧವಾರ. ಮಿಕ್ಕ ಆರು ದಿನ ಅದರ ತಯಾರಿ. ಅವಳಿಗೆ ಕಾರು ಓಡಿಸಲು ಬಾರದು, ಟ್ಯಾಕ್ಸಿ ಈ ಊರಿಗೆ ಬಾರದು.

ಹೀಗಿರುವಾಗ ಜಿಲ್ಲಾ ಕಚೇರಿಯಿಂದ ಕಾಗದ ಬಂತು: ಮುಂದಿನ ಬುಧವಾರ ಬಸ್ಸಿನಲ್ಲೇ ಕೂತು ಜನ ಎಣಿಸುತ್ತೇವೆ, ದಾರಿಯಲ್ಲಿ ಹನ್ನೆರಡು ಮಂದಿಯಾದರೂ ಹತ್ತದಿದ್ದರೆ ಬಸ್ಸು ರದ್ದು.

ಹಿಲ್ಡಾ ಮನೆಮನೆಯ ಬಾಗಿಲು ತಟ್ಟಿದಳು. ಪಬ್ಬಿನ ಒಡತಿ ಡಾಟ್ ಗಾಡ್ಬಿ ಲೋಟ ಒರೆಸುತ್ತ ಒಪ್ಪಿದಳು.

"ಕೊನೇ ಸಲ ಯಾವಾಗ ಬಸ್ ಹತ್ತಿದ್ದೆ ಡಾಟ್?"

"ಮದುವೆಗೆ ಮುಂಚೆ ಕಣೇ. ಹತ್ತಿದವಳು ಇಳೀಲೇಬಾರ್ದಿತ್ತು."

ಊರಿನ ಕೌನ್ಸಿಲ್ ಅಧ್ಯಕ್ಷರಾದ ಡೆಸ್ಮಂಡ್ ಫೇರ್‌ಕ್ಲಾಫ್ ಅವರಿಗೆ ಇದು ಹೋರಾಟವಾಗಿ ಕಂಡಿತು. ಹೋರಾಟವೆಂದ ಮೇಲೆ ನಾಯಕ ಬೇಕು, ನಾಯಕನೆಂದ ಮೇಲೆ ಭಾಷಣ ಬೇಕು. ಎರಡನ್ನೂ ಅವರೇ ಒದಗಿಸಿದರು.

ಬುಧವಾರ ಒಂಬತ್ತಕ್ಕೇ ಅವರು ನಿಲ್ದಾಣದಲ್ಲಿ ಸಾಲಿನ ಮೊದಲಿಗರಾಗಿ ನಿಂತಿದ್ದರು. ಬಂದವರು ಬಂದ ಕ್ರಮದಲ್ಲೇ ಹಿಂದೆ ನಿಂತರು. ಎಲ್ಲರನ್ನೂ ಹೊರಡಿಸಿ ಕೊನೆಗೆ ಬಂದ ಹಿಲ್ಡಾ ಇಪ್ಪತ್ತಮೂರನೆಯವಳು. ಆರಡಿ ಎತ್ತರದ ಪಾದ್ರಿಗಳ ಬೆನ್ನ ಹಿಂದೆ ಅವಳ ಟೊಪ್ಪಿಯೂ ಕಾಣುತ್ತಿರಲಿಲ್ಲ.

ಅದು ಕೈ ತೋರಿಸಿದರಷ್ಟೇ ಬಸ್ಸು ನಿಲ್ಲುವ ಜಾಗ. ಕೈ ತೋರಿಸುವ ಹಕ್ಕು ಸಾಲಿನ ಮೊದಲಿಗರದು. ಇದನ್ನು ಯಾರೂ ಎಲ್ಲೂ ಬರೆದಿಲ್ಲ; ಉಸಿರಾಡುವುದನ್ನೂ ಯಾರೂ ಬರೆದಿಟ್ಟಿಲ್ಲ. ಹತ್ತೂ ಇಪ್ಪತ್ತಕ್ಕೆ ಸರಿಯಾಗಿ ಬಸ್ಸು ತಿರುವಿನಲ್ಲಿ ಕಂಡಾಗ ಡೆಸ್ಮಂಡ್ ರಸ್ತೆಗೆ ಬೆನ್ನು ಹಾಕಿ, ಕನ್ನಡಕ ಏರಿಸಿಕೊಂಡು, ಭಾಷಣದ ಎರಡನೆಯ ಹಾಳೆಯಲ್ಲಿದ್ದರು. ಬಸ್ಸನ್ನು ಇಪ್ಪತ್ತೆರಡು ಮಂದಿ ನೋಡಿದರು.

"ಅವ್ರು ತೋರಿಸ್ತಾರೆ ಬಿಡು," ಎಂದು ಡಾಟ್ ಪಿಸುಗುಟ್ಟಿದಳು.

ಹಿಲ್ಡಾಳ ಕೈ ಸೊಂಟದವರೆಗೆ ಎದ್ದು ಅಲ್ಲೇ ನಿಂತಿತು. ಸಾಲಿನ ಕೊನೆಯವಳು ಕೈ ಎತ್ತುವುದೆಂದರೇನು! ಚಾಲಕ ಆ ದಿನ ಹೊಸಬ. ಕೋಟು ತೊಟ್ಟ ಹಿರಿಯರೊಬ್ಬರು ಜನರೆದುರು ಗಂಭೀರವಾಗಿ ಓದುತ್ತಿರುವುದನ್ನು ಕಂಡು, ಯಾರದೋ ಶ್ರದ್ಧಾಂಜಲಿ ಸಭೆ ಇರಬೇಕೆಂದು ವೇಗ ತಗ್ಗಿಸಿದ, ಗೌರವದಿಂದ ತಲೆ ಬಾಗಿಸಿದ, ಮುಂದಕ್ಕೆ ಹೊರಟೇಹೋದ.

ಡೆಸ್ಮಂಡ್ ಮೂರನೆಯ ಹಾಳೆ ತಿರುವಿದರು.

"ಸಮಯಕ್ಕೆ ಸರಿಯಾಗೇ ಬಂತು, ಪಾಪ," ಎಂದರು ಪಾದ್ರಿಗಳು.

"ನೆದರ್ ಥ್ರಿಂಗ್ಲೀಲಿ ಏಳು ನಿಮಿಷ ನಿಲ್ಲುತ್ತೆ!" ಹಿಲ್ಡಾ ಕೂಗಿದಳು. "ಕುರಿ ಹೊಲ ದಾಟಿ ಹೋದ್ರೆ ಸಿಗುತ್ತೆ, ನಡೀರಿ!"

ಆ ಪಕ್ಕದೂರಿಗೆ ಬಸ್ಸು ಹೊಳೆ ಬಳಸಿ ಮೂರು ಮೈಲಿ ಹೋಗಬೇಕು; ಕಾಲುದಾರಿ ಅರ್ಧ ಮೈಲಿ. ಇಪ್ಪತ್ತಮೂರು ಮಂದಿ ಹೊಲದಲ್ಲಿ ಓಡಿದರು, ಕುರಿಗಳು ಉಳಿದ ದಿಕ್ಕುಗಳಿಗೆ ಓಡಿದವು. ಹೊಲದ ಕೊನೆಯಲ್ಲಿ ಬೇಲಿ ದಾಟಲು ಮರದ ಮೆಟ್ಟಿಲು, ಒಮ್ಮೆಗೆ ಒಬ್ಬರಿಗಷ್ಟೇ ಜಾಗ. ಊರಿನ ಸಭ್ಯತೆ ಅಲ್ಲಿ ಬಂದು ಸಿಕ್ಕಿಹಾಕಿಕೊಂಡಿತು.

"ನೀವು ಮೊದ್ಲು."

"ಛೇ ಛೇ, ನೀವು."

"ನಿಮ್ಮ ಮಂಡಿ ಬೇರೆ ನೋವು..."

"ಅದಕ್ಕೇ, ನಾನು ನಿಧಾನ. ನೀವು ದಾಟಿ."

ಬೇಲಿಯಾಚೆ ಬಸ್ಸಿನ ಎಂಜಿನ್ ಗುರುಗುಟ್ಟಿತು. ಹಿಲ್ಡಾಳಿಗೆ ಪುರಭವನದ ಪಿಯಾನೊ ಮುಚ್ಚಳ ಹಾಕಿಕೊಂಡು ಕೂತಿರುವುದು ಕಣ್ಣಿಗೆ ಕಟ್ಟಿತು. ಎಪ್ಪತ್ತೊಂದು ವರ್ಷಗಳಲ್ಲಿ ಒಮ್ಮೆಯೂ ಸಾಲು ಮುರಿಯದಿದ್ದವಳು ಪಾದ್ರಿಗಳ ಪಕ್ಕೆಗೆ ಮೊಣಕೈ ಕೊಟ್ಟಳು.

"ಸರೀರಿ ಎಲ್ರೂ! ದೇವ್ರಾಣೆ, ಸರೀರಿ!"

ಮೆಟ್ಟಿಲು ಹತ್ತಿ, ಲಂಗ ಹರಿದುಕೊಂಡು, ಹೊರಟಿದ್ದ ಬಸ್ಸಿನ ಎದುರಿಗೆ ಎರಡೂ ತೋಳು ಚಾಚಿ ನಿಂತಳು. ಚಾಲಕ ಕಿಟಕಿಯಿಂದ ತಲೆ ಹಾಕಿದ.

"ಏನಮ್ಮಾ, ಸಾಯೋಕೆ ಬೇರೆ ಬಸ್ ಸಿಗ್ಲಿಲ್ವಾ?"

"ಇಲ್ಲಪ್ಪ. ಇರೋದೇ ಇದೊಂದು."

ಒಬ್ಬೊಬ್ಬರಾಗಿ ಎಲ್ಲರೂ ಹತ್ತಿದರು, ಬೂಟಿನ ತುಂಬ ಕುರಿ ಹಿಕ್ಕೆ ಸಮೇತ. ಎಣಿಸಲು ಬಸ್ಸಿನಲ್ಲಿ ಕೂತಿದ್ದ ಜಿಲ್ಲಾ ಕಚೇರಿಯ ಹೆಂಗಸು ಮೂಗು ಮುಚ್ಚಿಕೊಂಡೇ ತಲೆಗೊಂದು ಗೀಟು ಹಾಕಿದಳು. ಆ ಮಧ್ಯಾಹ್ನ ಹಿಲ್ಡಾ ಬಾರಿಸಿದ ರಭಸಕ್ಕೆ ಚಹಾ ಬಟ್ಟಲುಗಳು ಮೇಜಿನ ಅಂಚಿನವರೆಗೆ ಬಂದವಂತೆ.

ಮೂರು ವಾರದ ಮೇಲೆ ಉತ್ತರ ಬಂತು. ಡೆಸ್ಮಂಡ್ ಅದನ್ನು ಸಭಾಭವನದಲ್ಲಿ ಓದಿದರು. ಬಸ್ಸು ಉಳಿದಿದೆ. ಇಪ್ಪತ್ತಮೂರು ಮಂದಿ ಹತ್ತಿದ ನೆದರ್ ಥ್ರಿಂಗ್ಲಿ ಗ್ರಾಮದ ಉತ್ಸಾಹ ಶ್ಲಾಘನೀಯ. ಅಪ್ಪರ್ ಥ್ರಿಂಗ್ಲಿಯಲ್ಲಿ ಹತ್ತಿದವರು ಸೊನ್ನೆಯಾದ್ದರಿಂದ ಇನ್ನು ಅಲ್ಲಿಗೆ ಬಸ್ಸು ಬರುವುದಿಲ್ಲ.

ನೆದರ್ ಥ್ರಿಂಗ್ಲಿ! ಹಗ್ಗ ಜಗ್ಗಾಟದಲ್ಲಿ ಹನ್ನೊಂದು ವರ್ಷದಿಂದ ಇವರನ್ನು ಕೆಸರಿಗೆಳೆಯುತ್ತಿರುವ ಊರು!

"ಇದು ಅನ್ಯಾಯ," ಡೆಸ್ಮಂಡ್ ಪೆನ್ನು ತೆಗೆದರು. "ಆ ಇಪ್ಪತ್ತಮೂರು ನಮ್ದು. ತಿದ್ದುಪಡಿ ಕೇಳಿ ಈಗ್ಲೇ ಬರೀತೀನಿ."

ಜನ ಚಪ್ಪಾಳೆ ತಟ್ಟಿದರು. ಹಿಲ್ಡಾ ಎದ್ದು ನಿಂತಳು.

"ತಿದ್ದುಪಡಿ ಅಂದ್ರೆ ಮತ್ತೆ ಎಣಿಸ್ತಾರೆ, ಡೆಸ್ಮಂಡ್. ಮತ್ತೆ ಎಣಿಸಿದ್ರೆ ಮತ್ತೆ ನೀವು ಭಾಷಣ ಮಾಡ್ತೀರಿ."

"ಮಿಸೆಸ್ ಥ್ರಪ್, ಇದು ಊರಿನ ಮರ್ಯಾದೆ ಪ್ರಶ್ನೆ!"

"ಹಾಗಾದ್ರೆ ಬರೀರಿ. ಬಸ್ ನಿಂತ್ರೆ ಪ್ರತಿ ಬುಧವಾರ ನೀವೇ ನನ್ನನ್ನ ನಿಮ್ಮ ಕಾರಲ್ಲಿ ಕರ್ಕೊಂಡ್ಹೋಗಿ. ಕುಣಿತ ಮುಗಿಯೋ ತನಕ ಅಲ್ಲೇ ಇರ್ಬೇಕಾಗುತ್ತೆ. ಅಲ್ಲಿ ಗಂಡಸ್ರು ಇಬ್ರೇ, ಹೆಂಗಸ್ರು ಹತ್ತೊಂಬತ್ತು. ಕೂತ್ಕೊಳ್ಳೋಕೆ ಯಾರೂ ಬಿಡಲ್ಲ."

"ನನಗೂ ನೋಡ್ಬೇಕು, ನಾನೂ ಬರ್ತೀನಿ!" ಎಂದಳು ಡಾಟ್.

ಡೆಸ್ಮಂಡ್ ಕಾಗದವನ್ನು ಇನ್ನೊಮ್ಮೆ ಓದಿದರು, ಅದರಲ್ಲಿ ಹೊಸ ಅರ್ಥ ಕಂಡವರ ಹಾಗೆ. ಪೆನ್ನಿಗೆ ಮುಚ್ಚಳ ಹಾಕಿದರು. ಆ ದಿನದ ನಡಾವಳಿ ಪುಸ್ತಕದಲ್ಲಿರುವುದು ಇಷ್ಟೇ: ಬುಧವಾರ ಬಸ್ಸಿಗಾಗಿ ನೆದರ್ ಥ್ರಿಂಗ್ಲಿಗೆ ಅರ್ಧ ಮೈಲಿ ನಡೆಯುವುದು ಗ್ರಾಮಸ್ಥರ ಆರೋಗ್ಯಕ್ಕೆ ಹಿತಕರವೆಂದು ಮಾನ್ಯ ಅಧ್ಯಕ್ಷರು ಸ್ವಯಂಪ್ರೇರಣೆಯಿಂದ ಸೂಚಿಸಿದರು, ಶ್ರೀಮತಿ ಥ್ರಪ್ ಅನುಮೋದಿಸಿದರು.